ಒಂದು ರಸ್ತೆ, ಆರು ದೇಶ



ನೆದರ್ಲೆಂಡ್ಸಿನ ಪಶ್ಚಿಮ ಕರಾವಳಿಯಲ್ಲಿ, ರಾಟರ್‌ಡ್ಯಾಮ್ ಬಂದರಿನ ಬಾಯಿಗೆ ಹತ್ತಿಕೊಂಡಂತೆ, ಹುಕ್ ಫಾನ್ ಹಾಲೆಂಡ್ ಎಂಬ ಸಣ್ಣ ಊರಿದೆ. ಅಲ್ಲಿಂದ ಇ-25 ಎಂಬ ಹೆದ್ದಾರಿ ಹೊರಡುತ್ತದೆ. ಮಾಸ್ಟ್ರಿಕ್ಟ್ ದಾಟಿ ಬೆಲ್ಜಿಯಂಗೆ ಇಳಿಯುತ್ತದೆ, ಲಕ್ಸೆಂಬರ್ಗನ್ನು ಹಾಯುತ್ತದೆ, ಫ್ರಾನ್ಸಿನ ಮೆಟ್ಜ್, ಸ್ಟ್ರಾಸ್‌ಬರ್ಗ್ ನಗರಗಳನ್ನು ಮುಟ್ಟಿಕೊಂಡು ಬಾಸೆಲ್‌ನಲ್ಲಿ ಸ್ವಿಟ್ಜರ್ಲೆಂಡಿಗೆ ಹೊಗುತ್ತದೆ. ಬರ್ನ್, ಲೋಸಾನ್, ಜಿನೀವಾ ಆದಮೇಲೆ ಮತ್ತೆ ಒಂದಿಷ್ಟು ಫ್ರಾನ್ಸು, ಆಮೇಲೆ ಮೋಂಬ್ಲಾಂ ಪರ್ವತದ ಹೊಟ್ಟೆ ತೂರಿ ಇಟಲಿ, ಕೊನೆಗೆ ಜಿನೋವಾದ ಕಡಲು. ಕಾಗದದ ಮೇಲೆ ರಸ್ತೆ ಅಲ್ಲಿಗೂ ಮುಗಿಯುವುದಿಲ್ಲ. ಹಡಗು ಹತ್ತಿ, ಕಾರ್ಸಿಕಾ, ಸಾರ್ಡೀನಿಯಾ ದ್ವೀಪಗಳನ್ನು ಹಾದು, ಸಿಸಿಲಿಯ ಪಲೆರ್ಮೋದಲ್ಲಿ ಕೊನೆಯಾಗುತ್ತದೆ. ನಾವು ಜಿನೋವಾದಲ್ಲೇ ನಿಲ್ಲೋಣ. ಅಲ್ಲಿವರೆಗೆ ಸುಮಾರು 1,400 ಕಿಲೋಮೀಟರ್, ಆರು ದೇಶ.

ಪಶ್ಚಿಮ ಯುರೋಪಿನಲ್ಲಿ ತಾವೇ ಕಾರು ಓಡಿಸಿಕೊಂಡು ಸುತ್ತಬೇಕು ಎಂದು ಆಸೆಪಡುವವರು ಈಗ ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮಕ್ಕಳು ಅಲ್ಲಿ ಕೆಲಸದಲ್ಲಿರುವವರು, ನಿವೃತ್ತರಾದವರು, ಗುಂಪು ಪ್ರವಾಸದ ಬಸ್ಸು ಹತ್ತಿ ಇಳಿದು ಬೇಸತ್ತವರು. ಅಂಥವರಿಗಾಗಿ ಈ ಒಂದು ರಸ್ತೆಯನ್ನು ಎದುರಿಗಿಟ್ಟುಕೊಂಡು, ಹೊರಡುವ ಮೊದಲು ಏನೇನು ಯೋಚಿಸಬೇಕು ಎಂದು ಹೇಳುವುದು ಇವತ್ತಿನ ಮಾತು. ನೋಡತಕ್ಕ ಸ್ಥಳಗಳ ಪಟ್ಟಿ ನಿಮಗೆ ಎಲ್ಲಿ ಬೇಕಾದರೂ ಸಿಗುತ್ತದೆ. ಅದನ್ನು ನಾನು ಇಲ್ಲಿ ಓದುವುದಿಲ್ಲ.

ನಮ್ಮವರ ಯುರೋಪ್ ಯೋಜನೆಗಳನ್ನು ಕೆಡಿಸುವುದು ಅತಿಯಾಸೆ. ಹನ್ನೆರಡು ದಿನಕ್ಕೆ ಹತ್ತು ದೇಶ ಎನ್ನುವ ಬಸ್ ಪ್ರವಾಸಗಳು ಕಲಿಸಿದ ಚಾಳಿ ಅದು. ಅಲ್ಲಿನ ದೇಶಗಳು ಚಿಕ್ಕವಾಗಿರುವುದೂ ಆಸೆಗೆ ಇಂಬು ಕೊಡುತ್ತದೆ. ನೆದರ್ಲೆಂಡ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್, ಸ್ವಿಟ್ಜರ್ಲೆಂಡ್ ಈ ನಾಲ್ಕನ್ನೂ ಕೂಡಿಸಿದರೆ ಸುಮಾರು 1,16,000 ಚದರ ಕಿಲೋಮೀಟರ್ ಆಗುತ್ತದೆ. ಕರ್ನಾಟಕವೊಂದೇ 1,91,000ಕ್ಕೂ ಮೇಲೆ. ಲಕ್ಸೆಂಬರ್ಗಂತೂ ನಮ್ಮ ಕೊಡಗು ಜಿಲ್ಲೆಗಿಂತ ಚಿಕ್ಕದು. ನಕಾಶೆಯಲ್ಲಿ ಬೆರಳಿಟ್ಟು ನೋಡಿದರೆ ಬೆಳಿಗ್ಗೆ ತಿಂಡಿ ಒಂದು ದೇಶ, ಮಧ್ಯಾಹ್ನದ ಊಟ ಇನ್ನೊಂದು, ರಾತ್ರಿ ನಿದ್ದೆ ಮೂರನೆಯದು ಎಂದು ಸಲೀಸಾಗಿ ಹೊಂದುತ್ತದೆ. ಹೊಂದುವುದು ನಿಜ. ಆದರೆ ಗಡಿಯ ಗೇಟು ಹೋಗಿದೆಯೇ ಹೊರತು ಗಡಿಯಾಚೆಯ ಕಾನೂನು ಹೋಗಿಲ್ಲ. ವೇಗದ ಮಿತಿ, ಸುಂಕ ಕಟ್ಟುವ ರೀತಿ, ಪಾರ್ಕಿಂಗ್, ಅಂಗಡಿ ಮುಚ್ಚುವ ಹೊತ್ತು, ಫೋನಿನ ಸಿಮ್ಮು, ಹಲವೆಡೆ ರಸ್ತೆ ಫಲಕದ ಬಣ್ಣ ಕೂಡ ಗಡಿ ದಾಟಿದಂತೆ ಬದಲಾಗುತ್ತವೆ. ಇವನ್ನೆಲ್ಲ ಸ್ಟಿಯರಿಂಗ್ ಹಿಡಿದವನೇ ನೆನಪಿಟ್ಟುಕೊಳ್ಳಬೇಕು. ಆದ್ದರಿಂದ ಯೋಜನೆಗೆ ಕೂತಾಗ ಮೊದಲು ಮಾಡಬೇಕಾದದ್ದು ದೇಶಗಳನ್ನು ಕಳೆಯುವುದು, ಒಂದು ದಾರಿ ಹಿಡಿಯುವುದು. ದಿನಕ್ಕೆ 200, ಹೆಚ್ಚೆಂದರೆ 250 ಕಿಲೋಮೀಟರ್. ಎರಡು ದಿನ ಓಡಿಸಿದರೆ ಮೂರನೆಯ ದಿನ ಕಾರು ಮುಟ್ಟಬಾರದು.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಪಟ್ಟಿಯಲ್ಲಿರುವುದು ಆಮ್‌ಸ್ಟರ್‌ಡ್ಯಾಮ್, ಬ್ರಸೆಲ್ಸ್, ಪ್ಯಾರಿಸ್, ಜ್ಯೂರಿಕ್ ಇಷ್ಟೇ ಆಗಿದ್ದರೆ ಕಾರು ಬೇಡ, ರೈಲು ಹತ್ತಿ. ಅಗ್ಗವಾಗುತ್ತದೆ, ಊರ ನಡುವೆಯೇ ಇಳಿಸುತ್ತದೆ. ಮಹಾನಗರದಲ್ಲಿ ಕಾರು ಆಸ್ತಿಯಲ್ಲ, ಹೊರೆ. ಊರಿಗೂ ಊರಿಗೂ ನಡುವೆ ಇರುವುದನ್ನು ನೋಡಬೇಕು ಎನ್ನುವವರಿಗೆ ಮಾತ್ರ ಕಾರು.

ಈಗ ಕಾಗದಪತ್ರ. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯ ಮೇಲೆ, 'ಪ್ರಿನ್ಸೆಸ್ ಮೇರಿ-ಆಸ್ಟ್ರಿಡ್' ಎಂಬ ಹಡಗಿನಲ್ಲಿ ಐದು ದೇಶಗಳು ಒಂದು ಒಪ್ಪಂದಕ್ಕೆ ರುಜು ಹಾಕಿದವು: ಬೆಲ್ಜಿಯಂ, ಫ್ರಾನ್ಸ್, ಪಶ್ಚಿಮ ಜರ್ಮನಿ, ಲಕ್ಸೆಂಬರ್ಗ್, ನೆದರ್ಲೆಂಡ್ಸ್. ಫ್ರಾನ್ಸ್, ಜರ್ಮನಿ, ಲಕ್ಸೆಂಬರ್ಗ್ ಮೂರೂ ಸೇರುವ ಜಾಗ ಅದು. ಒಪ್ಪಂದ ನಿಜವಾಗಿ ಜಾರಿಗೆ ಬಂದದ್ದು 1995ರ ಮಾರ್ಚಿನಲ್ಲಿ. ಇವತ್ತು ಅದರಲ್ಲಿ 29 ದೇಶಗಳಿವೆ; ನಮ್ಮ ರಸ್ತೆಯ ಆರೂ ದೇಶ ಅದರೊಳಗೇ ಬರುತ್ತವೆ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಶೆಂಗೆನ್‌ನಲ್ಲಿ ಇದೆ. ಹೀಗಾಗಿ ಒಂದೇ ವೀಸಾ ಸಾಕು. ಅರ್ಜಿ ಯಾವ ದೇಶಕ್ಕೆ ಹಾಕಬೇಕು? ಯಾವ ದೇಶದಲ್ಲಿ ಹೆಚ್ಚು ರಾತ್ರಿ ಕಳೆಯುತ್ತೀರೋ ಆ ದೇಶಕ್ಕೆ. ರಾತ್ರಿಗಳು ಸಮಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆಂದು ಎರಡೇ ರಾತ್ರಿ ಇರುವ ದೇಶಕ್ಕೆ ಅರ್ಜಿ ಹಾಕುವ ಜಾಣತನ ಬೇಡ. ಹೋಟೆಲ್ ಬುಕಿಂಗಿನ ಕಾಗದಗಳೇ ನಿಮ್ಮನ್ನು ಹಿಡಿದುಕೊಡುತ್ತವೆ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಇರಲೇಬೇಕು. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಅಲ್ಲಿರುವಂತಿಲ್ಲ. ಮಗಳ ಮನೆಯಲ್ಲಿ ಎರಡು ತಿಂಗಳಿದ್ದು ಆಮೇಲೆ ಪ್ರವಾಸ ಹೊರಡುವವರು ಈ ಲೆಕ್ಕವನ್ನು ಎರಡೆರಡು ಸಲ ಮಾಡಿ ನೋಡುವುದು ಒಳ್ಳೆಯದು.

ಹುಕ್ ಫಾನ್ ಹಾಲೆಂಡಿನಿಂದ ಇಂಗ್ಲೆಂಡಿನ ಹಾರ್ವಿಚ್‌ಗೆ ಕಾರು ಹೊರುವ ಹಡಗು ಹೋಗುತ್ತದೆ. ಇಷ್ಟು ಹತ್ತಿರ ಬಂದಿದ್ದೇವೆ, ಲಂಡನ್ನನ್ನೂ ನೋಡಿಬಿಡೋಣ ಎನ್ನಿಸುತ್ತದೆ. ಬ್ರಿಟನ್ ಶೆಂಗೆನ್‌ನಲ್ಲಿ ಇಲ್ಲ. ಅದಕ್ಕೆ ಬೇರೆ ವೀಸಾ ಬೇಕು. ಅಷ್ಟೇ ಅಲ್ಲ, ನಿಮ್ಮ ಶೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಹೊರಗೆ ಹೋದವರು ಮರಳಿ ಒಳಗೆ ಬರುವಂತಿಲ್ಲ.

ಗಡಿಯಲ್ಲಿ ಯಾರೂ ಕೇಳುವುದಿಲ್ಲ ಎಂದು ಪಾಸ್‌ಪೋರ್ಟನ್ನು ಹೋಟೆಲಿನ ಪೆಟ್ಟಿಗೆಯಲ್ಲಿ ಬಿಟ್ಟು ಹೋಗುವುದೂ ಸಲ್ಲದು. ಒಳಗಡಿಗಳಲ್ಲಿ ತಾತ್ಕಾಲಿಕ ತಪಾಸಣೆಯನ್ನು ಈಚಿನ ವರ್ಷಗಳಲ್ಲಿ ಹಲವು ದೇಶಗಳು ಮತ್ತೆ ತಂದಿವೆ. ಜರ್ಮನಿ 2024ರ ಸೆಪ್ಟೆಂಬರಿನಲ್ಲಿ ಅದನ್ನು ತನ್ನ ಎಲ್ಲ ಭೂಗಡಿಗಳಿಗೂ ವಿಸ್ತರಿಸಿತು. ಅಸಲು ಪಾಸ್‌ಪೋರ್ಟು ಯಾವಾಗಲೂ ಮೈಮೇಲೆ ಇರಲಿ.

ಚಾಲನೆಗೆ ನಮ್ಮ ಆರ್‌ಟಿಓ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಒಂದು ವರ್ಷ ನಡೆಯುತ್ತದೆ. ಅದನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಬೇಕು, ಅದರ ಜೊತೆಗೆ ಅಸಲು ಡಿಎಲ್ ಕೂಡ ಇರಬೇಕು. ಕೆಲವು ದೇಶಗಳಲ್ಲಿ ಇಂಗ್ಲಿಷ್ ಅಕ್ಷರದ ಡಿಎಲ್ ಒಂದೇ ನಡೆದುಹೋದೀತು. ಇಟಲಿಯಲ್ಲಿ ನಡೆಯುವುದಿಲ್ಲ.

ಕಾರು ಬಾಡಿಗೆಯ ವಿಚಾರದಲ್ಲಿ ಹೆಚ್ಚಿನವರು ದಿನದ ದರ ನೋಡುತ್ತಾರೆ. ಆರು ದೇಶ ದಾಟುವವರು ನೋಡಬೇಕಾದದ್ದು ಬೇರೆ. ಒಂದು ದೇಶದಲ್ಲಿ ಕಾರು ತೆಗೆದುಕೊಂಡು ಇನ್ನೊಂದು ದೇಶದಲ್ಲಿ ಬಿಟ್ಟರೆ ಹಾಕುವ ಶುಲ್ಕ ಹಲವು ಸಲ ಇಡೀ ಬಾಡಿಗೆಯನ್ನೇ ಮೀರುತ್ತದೆ. ರಾಟರ್‌ಡ್ಯಾಮಿನಲ್ಲಿ ತೆಗೆದುಕೊಂಡ ಕಾರನ್ನು ಜಿನೋವಾದಲ್ಲಿ ಬಿಡುವ ಯೋಚನೆ ಇದ್ದರೆ ಅಲ್ಲಿಗೇ ಕೈಬಿಡಿ. ಪ್ರವಾಸವನ್ನು ಒಂದು ಸುತ್ತಾಗಿ ಹೆಣೆಯಿರಿ, ಹೊರಟಲ್ಲಿಗೇ ಬನ್ನಿ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮಿಗೆ ನೇರ ವಿಮಾನ ಇರುವುದರಿಂದ ನಮಗೆ ಇದು ಅನುಕೂಲವೇ. ಯಾವ ಯಾವ ದೇಶಕ್ಕೆ ಹೋಗುತ್ತೀರಿ ಎಂದು ಬಾಡಿಗೆಯವರಿಗೆ ಮೊದಲೇ ಹೇಳಿ ಬರೆಸಿಕೊಳ್ಳಿ. ಹೇಳದೆ ದಾಟಿದರೆ ವಿಮೆ ಬಿದ್ದುಹೋಗಬಹುದು. ಗೇರಿನ ಕಾರು ಅಲ್ಲಿ ಅಗ್ಗ, ಆಟೋಮ್ಯಾಟಿಕ್ ದುಬಾರಿ. ಆದರೂ ದುಬಾರಿಯದ್ದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ಎಡಗಡೆ ಕೂರಬೇಕು. ಅದರ ಮೇಲೆ ಗೇರನ್ನೂ ಬಲಗೈಯಲ್ಲಿ ಹುಡುಕುವುದು ಬೇಡ. ಠೇವಣಿ ಹಿಡಿಯುವುದಕ್ಕೆ ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ನಮ್ಮ ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮುಚ್ಚಿಯೇ ಬರುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ನೀವೇ ತೆರೆಯಬೇಕು. ರಾತ್ರಿ ಯಾರೂ ಇಲ್ಲದ ಪೆಟ್ರೋಲ್ ಬಂಕಿನ ಯಂತ್ರದ ಮುಂದೆ ನಿಂತು ಇದನ್ನು ಕಂಡುಕೊಳ್ಳುವುದು ಹಿತವಲ್ಲ.

ಮೂರು ವಾರ ಮೀರಿ ಇರುವವರಿಗೆ ಇನ್ನೊಂದು ದಾರಿ ಇದೆ, ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆಂದು ಫ್ರಾನ್ಸಿನ ಕಾರು ತಯಾರಕರು ಹೊಚ್ಚಹೊಸ ಕಾರನ್ನು ಅಲ್ಪಾವಧಿಗೆ ಕೊಡುತ್ತಾರೆ. ಕೆಂಪು ನಂಬರ್ ಪ್ಲೇಟಿನ ಕಾರು. ಸಾಮಾನ್ಯವಾಗಿ ಕನಿಷ್ಠ 21 ದಿನ, ಪೂರ್ಣ ವಿಮೆ ಸೇರಿಯೇ ಬೆಲೆ. ದಿನ ಹೆಚ್ಚಿದಷ್ಟೂ ಬಾಡಿಗೆಗಿಂತ ಇದು ಲಾಭ.

ಇನ್ನು ಕಾಲ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಮಕ್ಕಳ ಶಾಲೆಯ ರಜೆ ನೋಡಿ ಟಿಕೆಟು ತೆಗೆಯುವ ನಾವು ಅಲ್ಲಿನ ರಜೆಯನ್ನು ನೋಡುವುದೇ ಇಲ್ಲ. ಫ್ರಾನ್ಸಿನಲ್ಲಿ ಬೇಸಿಗೆಯ ರಜೆ ಎಂದರೆ ಒಂದು ವಲಸೆ. ಜುಲೈನಲ್ಲಿ ರಜೆ ಹೋದವರು ಮರಳುವ, ಆಗಸ್ಟಿನವರು ಹೊರಡುವ ಶನಿವಾರ ಬರುತ್ತದಲ್ಲ, ಜುಲೈ ಕೊನೆಯದು ಅಥವಾ ಆಗಸ್ಟಿನ ಮೊದಲನೆಯದು, ಅವತ್ತು ದಕ್ಷಿಣದ ಹೆದ್ದಾರಿಗಳಲ್ಲಿ ಕಾರುಗಳು ನಿಂತುಬಿಡುತ್ತವೆ. 1975ರ ಆಗಸ್ಟ್ 2ರಂದು ದೇಶದಾದ್ಯಂತ ಒಟ್ಟು 600 ಕಿಲೋಮೀಟರ್ ಉದ್ದಕ್ಕೆ ವಾಹನ ಸಾಲು ನಿಂತಿತ್ತು. ಸರ್ಕಾರ ಬೆಚ್ಚಿಬಿದ್ದು ಮರುವರ್ಷವೇ 'ಬಿಝೋನ್ ಫ್ಯೂತೆ' ಎಂಬ ಸಂಚಾರ ಮಾಹಿತಿ ಸೇವೆ ಶುರುಮಾಡಿತು. ಇವತ್ತಿಗೂ ಅದು ವರ್ಷದ ದಿನಗಳಿಗೆಲ್ಲ ಬಣ್ಣ ಕೊಟ್ಟು ಕ್ಯಾಲೆಂಡರು ಹೊರಡಿಸುತ್ತದೆ: ಹಸಿರು, ಕಿತ್ತಳೆ, ಕೆಂಪು, ಕಪ್ಪು. ಕಪ್ಪು ದಿನ ಎಂದಿದ್ದರೆ ಅವತ್ತು ಕಾರು ಹೊರಗೆ ತೆಗೆಯದೆ ಯಾವುದಾದರೂ ಹಳ್ಳಿಯಲ್ಲಿ ಕಾಲು ಚಾಚಿ ಕೂರುವುದೇ ಬುದ್ಧಿವಂತಿಕೆ. ಜರ್ಮನಿ ಮತ್ತು ನೆದರ್ಲೆಂಡ್ಸ್ ಇದೇ ಗೋಳು ತಪ್ಪಿಸಲು ಶಾಲಾ ರಜೆಯನ್ನೇ ಬೇರೆ ಬೇರೆ ಪ್ರಾಂತ್ಯಗಳಲ್ಲಿ ಬೇರೆ ಬೇರೆ ವಾರ ಶುರುವಾಗುವಂತೆ ಹಂಚಿಟ್ಟಿವೆ.

ಹಾಗಾದರೆ ಯಾವಾಗ ಹೋಗಬೇಕು? ಆಲ್ಪ್ಸ್‌ನ ಎತ್ತರದ ಕಣಿವೆ ದಾರಿಗಳು ಹಿಮ ಕರಗಿ ತೆರೆಯುವುದು ಹೆಚ್ಚುಕಡಿಮೆ ಜೂನಿನಲ್ಲಿ, ಮುಚ್ಚುವುದು ಅಕ್ಟೋಬರಿನಲ್ಲಿ. ಅದರೊಳಗೆ ರಜೆಯ ಜಾತ್ರೆಯನ್ನು ಕಳೆದರೆ ಉಳಿಯುವುದು ಜೂನಿನ ಎರಡನೆಯ ಅರ್ಧ ಮತ್ತು ಸೆಪ್ಟೆಂಬರ್. ನನ್ನ ಆಯ್ಕೆ ಜೂನ್. ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ದಾರಿ ತಪ್ಪಿದರೂ ಕತ್ತಲಾಗುವುದಿಲ್ಲ.

ಈಗ ರಸ್ತೆಗೆ ಬರೋಣ. ನೆದರ್ಲೆಂಡ್ಸಿನ ಹೆಚ್ಚಿನ ಹೆದ್ದಾರಿಗಳಲ್ಲಿ ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಮಿತಿ 100. ಗಾಳಿಗೆ ಬೆರೆಯುವ ಸಾರಜನಕದ ಆಕ್ಸೈಡು ತಗ್ಗಿಸಲೆಂದು 2020ರಲ್ಲಿ ತಂದ ನಿಯಮ. ಬೆಲ್ಜಿಯಂನಲ್ಲಿ 120. ಲಕ್ಸೆಂಬರ್ಗ್, ಫ್ರಾನ್ಸ್, ಇಟಲಿಗಳಲ್ಲಿ 130, ಮಳೆ ಬಂದರೆ 110. ಸ್ವಿಟ್ಜರ್ಲೆಂಡಿನಲ್ಲಿ 120, ಅದೂ ಕಟ್ಟುನಿಟ್ಟು. ಕ್ಯಾಮೆರಾ ಎಲ್ಲಿದೆ ಎಂದು ಮುಂಚಿತವಾಗಿ ತಿಳಿಸುವ ಸಲಕರಣೆ ಇಟ್ಟುಕೊಳ್ಳುವುದೇ ಅಲ್ಲಿ ಅಪರಾಧ. ಫ್ರಾನ್ಸಿನಲ್ಲಿ ನೀಲಿ ಫಲಕ ಹೆದ್ದಾರಿಯದು, ಹಸಿರು ಫಲಕ ಸಾಮಾನ್ಯ ಮುಖ್ಯರಸ್ತೆಯದು. ಬಾಸೆಲ್ ದಾಟಿದೊಡನೆ ತಿರುಗುಮುರುಗು: ಹಸಿರು ಹೆದ್ದಾರಿ, ನೀಲಿ ಸಾಮಾನ್ಯ ರಸ್ತೆ. ಇಟಲಿಯಲ್ಲೂ ಹಾಗೆಯೇ. ಊರಿನ ಹೆಸರುಗಳದ್ದೂ ಇದೇ ಕಥೆ. ಮಾಸ್ಟ್ರಿಕ್ಟ್ ಕಡೆಯಿಂದ ಲಿಯೇಜ್ ನಗರಕ್ಕೆ ಹೋಗುವವರು 'ಲಾಯ್ಕ್' ಎಂಬ ಡಚ್ ಹೆಸರಿನ ಫಲಕವನ್ನು ಹಿಡಿಯಬೇಕು.

ಬೇರೆಲ್ಲದಕ್ಕಿಂತ ನಮ್ಮವರಿಗೆ ತೊಡಕಾಗುವ ನಿಯಮ ಒಂದಿದೆ. ಫಲಕವಿಲ್ಲದ ಅಡ್ಡರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲ ಹಕ್ಕು. ನೀವು ದೊಡ್ಡ ರಸ್ತೆಯಲ್ಲಿದ್ದೀರಿ, ಅವನು ಸಂದಿಯಿಂದ ಬರುತ್ತಿದ್ದಾನೆ ಎಂಬುದು ಲೆಕ್ಕಕ್ಕಿಲ್ಲ. ಅವನು ನಿಮ್ಮತ್ತ ನೋಡುವುದೂ ಇಲ್ಲ, ನೇರ ನುಗ್ಗುತ್ತಾನೆ, ಏಕೆಂದರೆ ಕಾನೂನು ಅವನ ಕಡೆಗಿದೆ. ಬೆಲ್ಜಿಯಂನ ಮತ್ತು ಫ್ರಾನ್ಸಿನ ಹಳ್ಳಿಗಳಲ್ಲಿ ಇದು ಈಗಲೂ ಜೀವಂತ. ಬಿಳಿ ಅಂಚಿನ ಹಳದಿ ವಜ್ರಾಕೃತಿಯ ಫಲಕ ಕಂಡರೆ ನಿಮ್ಮ ರಸ್ತೆಗೇ ಹಕ್ಕು. ಅದೇ ಫಲಕದ ಮೇಲೆ ಅಡ್ಡಗೆರೆ ಎಳೆದಿದ್ದರೆ ಆ ಹಕ್ಕು ಮುಗಿಯಿತು. ವೃತ್ತಗಳಲ್ಲಿ ಒಳಗಿರುವವನಿಗೆ ದಾರಿ ಬಿಡಬೇಕು. ನೆದರ್ಲೆಂಡ್ಸಿನಲ್ಲಿ ಬಲಕ್ಕೆ ತಿರುಗುವ ಮೊದಲು ಕನ್ನಡಿಯನ್ನು ನಂಬದೆ ಕತ್ತು ತಿರುಗಿಸಿ ನೋಡಿ, ಪಕ್ಕದಲ್ಲೇ ಸೈಕಲ್ಲು ಇರುತ್ತದೆ. ಸೈಕಲ್ಲಿನವರು ನಿಲ್ಲುವುದಿಲ್ಲ, ನೀವೇ ನಿಲ್ಲಬೇಕು. ಹಾರ್ನ್ ಇದೆ ಎಂಬುದನ್ನು ಮರೆತುಬಿಡಿ.

ನೆದರ್ಲೆಂಡ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್‌ಗಳಲ್ಲಿ ಸಾಮಾನ್ಯವಾಗಿ ಹೆದ್ದಾರಿಗೆ ಟೋಲ್ ಇಲ್ಲ. ಪೆಟ್ರೋಲು ಈ ದಾರಿಯಲ್ಲಿ ಅತಿ ಅಗ್ಗ ಲಕ್ಸೆಂಬರ್ಗಿನಲ್ಲಿ, ಆದ್ದರಿಂದ ಅಲ್ಲಿ ಟ್ಯಾಂಕು ತುಂಬಿಸದೆ ಮುಂದೆ ಹೋಗುವವರು ಕಡಿಮೆ. ಫ್ರಾನ್ಸಿನಲ್ಲಿ ದೂರಕ್ಕೆ ತಕ್ಕಂತೆ ಸುಂಕ. ಕಟ್ಟೆಯಲ್ಲಿ ಹಸಿರು ಬಾಣವಿರುವ ಸಾಲಿಗೆ ಹೋಗಿ. ಬರೀ 't' ಅಕ್ಷರದಂಥ ಕಿತ್ತಳೆ ಗುರುತಿರುವ ಸಾಲು ಟ್ಯಾಗ್ ಹಚ್ಚಿಕೊಂಡವರದು. ಸ್ವಿಟ್ಜರ್ಲೆಂಡಿನಲ್ಲಿ ವರ್ಷಕ್ಕೆ ಒಂದೇ ಬೆಲೆ, 40 ಫ್ರಾಂಕ್. ಒಂದು ದಿನ ಓಡಿಸಿದರೂ ಅಷ್ಟೇ, ವರ್ಷವಿಡೀ ಓಡಿಸಿದರೂ ಅಷ್ಟೇ. 2023ರಿಂದ ಅದನ್ನು ಗಾಜಿಗೆ ಅಂಟಿಸದೆ ಆನ್‌ಲೈನಿನಲ್ಲೂ ಕೊಳ್ಳಬಹುದು. ಸ್ವಿಟ್ಜರ್ಲೆಂಡಿನಲ್ಲಿ ಇನ್ನೊಂದು ಮರೆಯುವ ಸಂಗತಿ: ನೆದರ್ಲೆಂಡ್ಸಿನಲ್ಲಿ ಕೊಂಡ ಸಿಮ್ಮು ಒಕ್ಕೂಟದ ದೇಶಗಳಲ್ಲಿ ಅದೇ ದರದಲ್ಲಿ ನಡೆದು, ಬಾಸೆಲ್ ಬಂದೊಡನೆ ಮುನಿಸಿಕೊಳ್ಳಬಹುದು. ನಕಾಶೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ.

ಈ ದಾರಿಯಲ್ಲಿ ನಾನು ನಿಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಅಲ್ಸಾಸ್ ಸೀಮೆಯಲ್ಲಿ, ಸ್ಟ್ರಾಸ್‌ಬರ್ಗಿನಿಂದ ಬಾಸೆಲ್ ನಡುವೆ. ಹೆದ್ದಾರಿ ಹಿಡಿದರೆ ಒಂದೂವರೆ ಗಂಟೆಯ ಹಾದಿ. ಅದನ್ನು ಮೂರು ದಿನ ಮಾಡಿ. 1871ರಲ್ಲಿ ಜರ್ಮನಿಗೆ, ಮೊದಲ ಮಹಾಯುದ್ಧದ ನಂತರ ಫ್ರಾನ್ಸಿಗೆ, 1940ರಲ್ಲಿ ಮತ್ತೆ ಜರ್ಮನಿಗೆ, ಯುದ್ಧ ಮುಗಿಯುತ್ತ ಮತ್ತೆ ಫ್ರಾನ್ಸಿಗೆ ಕೈಬದಲಾದ ನೆಲ ಇದು. ಎಪ್ಪತ್ತೈದು ವರ್ಷದೊಳಗೆ ಊರು ಬಿಟ್ಟು ಕದಲದ ಮುದುಕಿಯೊಬ್ಬಳು ನಾಲ್ಕು ಸಲ ಪ್ರಜೆತನ ಬದಲಿಸಿರಬಹುದು. ಅದರ ಗುರುತು ಈಗಲೂ ಇದೆ. ಫ್ರಾನ್ಸಿನಲ್ಲಿ ಹೆಚ್ಚಿನ ಕಡೆ ರೈಲುಗಳು ಜೋಡಿಹಳಿಯ ಎಡಗಡೆ ಓಡಿದರೆ ಇಲ್ಲಿ ಬಲಗಡೆ ಓಡುತ್ತವೆ, ಜರ್ಮನಿಯ ಕಾಲದಲ್ಲಿ ರೂಢಿಯಾದ ವ್ಯವಸ್ಥೆ. ಗುಡ್ ಫ್ರೈಡೆ ಫ್ರಾನ್ಸಿನ ಹೆಚ್ಚಿನೆಡೆ ಕೆಲಸದ ದಿನ, ಇಲ್ಲಿ ರಜೆ. ಅವತ್ತು ಅಂಗಡಿ ಬಾಗಿಲು ತೆರೆದಿರುತ್ತದೆ ಎಂದು ನಂಬಿ ಬರಬೇಡಿ. ಕೋಲ್ಮಾರ್ ಪಟ್ಟಣದಲ್ಲಿ ಎರಡು ರಾತ್ರಿ ತಂಗಿ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವತೆಯನ್ನು ಕಡೆದ ಬಾರ್ತೋಲ್ದಿ ಹುಟ್ಟಿದ ಊರು ಅದು. ಅಲ್ಲಿಂದ ದ್ರಾಕ್ಷಿ ತೋಟಗಳ ನಡುವಿನ ಸಣ್ಣ ರಸ್ತೆಗಳಲ್ಲಿ ಗಂಟೆಗೆ 50ರ ವೇಗದಲ್ಲಿ ಹೋಗಿ. ಕಾರು ತಂದದ್ದು ಇದಕ್ಕಾಗಿಯೇ.

ಬಾಸೆಲ್ ಬಗ್ಗೆ ಒಂದು ವಿಚಿತ್ರ. ಆ ನಗರದ ವಿಮಾನ ನಿಲ್ದಾಣ ಇರುವುದು ಫ್ರಾನ್ಸಿನ ನೆಲದಲ್ಲಿ. 1949ರ ಒಪ್ಪಂದದಂತೆ ಒಂದೇ ಕಟ್ಟಡದಲ್ಲಿ ಫ್ರೆಂಚ್ ಭಾಗ, ಸ್ವಿಸ್ ಭಾಗ ಎರಡೂ ಇವೆ, ಎರಡೂ ಕಡೆ ಕಾರು ಬಾಡಿಗೆಗೆ ಸಿಗುತ್ತದೆ, ದರ ಬೇರೆ ಬೇರೆ. ನೆದರ್ಲೆಂಡ್ಸ್ ಬೇಡ, ಇಲ್ಲಿಂದಲೇ ಶುರುಮಾಡುತ್ತೇವೆ ಎನ್ನುವವರು ಎರಡೂ ಕಡೆ ವಿಚಾರಿಸಿ. ಸ್ವಿಸ್ ಕಡೆಯ ಕಾರಿಗೆ ಆ 40 ಫ್ರಾಂಕಿನ ಸುಂಕ ಕಟ್ಟಿಯೇ ಇರುತ್ತದೆ.

ಆಲ್ಪ್ಸ್ ದಾಟುವುದು ಹೇಗೆ ಎಂಬುದು ಈ ಪ್ರವಾಸದ ದೊಡ್ಡ ತೀರ್ಮಾನ. ಇ-25 ನಿಮ್ಮನ್ನು ಮೋಂಬ್ಲಾಂ ಸುರಂಗಕ್ಕೆ ಒಯ್ಯುತ್ತದೆ. 1965ರಲ್ಲಿ ತೆರೆದದ್ದು, 11.6 ಕಿಲೋಮೀಟರ್ ಉದ್ದ, ಎರಡೂ ದಿಕ್ಕಿನ ವಾಹನಗಳು ಒಂದೇ ಕೊಳವೆಯಲ್ಲಿ. 1999ರ ಮಾರ್ಚ್ 24ರಂದು ಹಿಟ್ಟು ಮತ್ತು ಮಾರ್ಗರೀನ್ ಹೇರಿಕೊಂಡಿದ್ದ ಒಂದು ಲಾರಿಗೆ ಒಳಗೇ ಬೆಂಕಿ ಹತ್ತಿತು. ಮಾರ್ಗರೀನ್ ಎಣ್ಣೆಯಂತೆ ಉರಿದು, ಹೊಗೆ ತುಂಬಿ, 39 ಜನ ಸತ್ತರು. ಮೂರು ವರ್ಷ ಮುಚ್ಚಿ 2002ರಲ್ಲಿ ಮತ್ತೆ ತೆರೆದಾಗಿನಿಂದ ಅಲ್ಲಿ ವೇಗ 50ರಿಂದ 70ರೊಳಗೆ ಇರಬೇಕು, ಮುಂದಿನ ವಾಹನದಿಂದ 150 ಮೀಟರ್ ದೂರ ಇರಬೇಕು. ಅಂತರಕ್ಕೆ ಗುರುತಾಗಿ ಗೋಡೆಯಲ್ಲಿ ದೀಪಗಳಿವೆ. ಒಂದು ಸಲ ದಾಟಲು 50 ಯೂರೋಗೂ ಹೆಚ್ಚು. 2023, 2024, 2025, ಈ ಮೂರೂ ವರ್ಷ ದುರಸ್ತಿಗೆಂದು ಶರತ್ಕಾಲದಲ್ಲಿ ವಾರಗಟ್ಟಲೆ ಅದನ್ನು ಮುಚ್ಚಿದರು. ಸೆಪ್ಟೆಂಬರಿನಲ್ಲಿ ಹೋಗುವವರು ಟಿಕೆಟು ತೆಗೆಯುವ ಮೊದಲು ಸುರಂಗದ ಪ್ರಕಟಣೆ ನೋಡಲೇಬೇಕು.

ನಾನಾದರೆ ಇಲ್ಲಿ ಇ-25ನ್ನು ಬಿಡುತ್ತೇನೆ. ಲೋಸಾನ್‌ನಿಂದ ಜಿನೀವಾದ ಕಡೆಗೆ ತಿರುಗದೆ, ಸರೋವರದ ದಂಡೆ ಹಿಡಿದು ಪೂರ್ವಕ್ಕೆ ಹೋಗಿ. ಲಾವೋದ ದ್ರಾಕ್ಷಿ ಮೆಟ್ಟಿಲುಗಳು, ಮಾಂತ್ರೋ, ಆಮೇಲೆ ಮಾರ್ಟಿನಿ. ಅಲ್ಲಿಂದ ಗ್ರ್ಯಾಂಡ್ ಸೇಂಟ್ ಬರ್ನಾರ್ಡ್ ಕಣಿವೆಗೆ ಹತ್ತುವ ರಸ್ತೆ. 2,469 ಮೀಟರ್ ಎತ್ತರ. ಕೆಳಗೆ 1964ರಲ್ಲಿ ತೆರೆದ ಸುರಂಗವಿದೆ, ಅದಕ್ಕೆ ಸುಂಕ. ಮೇಲಿನ ಹಳೆಯ ದಾರಿಗೆ ಸುಂಕವಿಲ್ಲ. ರೋಮನ್ನರು ನಡೆದ ಕಣಿವೆ. 1800ರ ಮೇ ತಿಂಗಳಲ್ಲಿ ನೆಪೋಲಿಯನ್ ತನ್ನ ಸೈನ್ಯವನ್ನು, ಫಿರಂಗಿಗಳನ್ನು ಹಿಮದ ಮೇಲೆ ಎಳೆಸಿಕೊಂಡು ಇದೇ ದಾರಿಯಲ್ಲಿ ಇಟಲಿಗೆ ಇಳಿದ. ತುದಿಯಲ್ಲಿ ಹನ್ನೊಂದನೆಯ ಶತಮಾನದಿಂದ ದಾರಿಹೋಕರಿಗೆ ಆಶ್ರಯ ಕೊಡುತ್ತ ಬಂದ ಸನ್ಯಾಸಿಗಳ ಧರ್ಮಶಾಲೆ ಇದೆ. ಸೇಂಟ್ ಬರ್ನಾರ್ಡ್ ನಾಯಿಗಳು ಅಲ್ಲಿಯವೇ. ಚಾರ್ಮಾಡಿ, ಆಗುಂಬೆ ಹತ್ತಿ ಇಳಿದ ನಮ್ಮ ಚಾಲಕರಿಗೆ ತಿರುವುಗಳು ಹೆದರಿಕೆ ತರುವುದಿಲ್ಲ. ಇಳಿಯುವಾಗ ಬ್ರೇಕನ್ನೇ ತುಳಿದುಕೊಂಡು ಕೂರದೆ ಕೆಳಗಿನ ಗೇರಿನಲ್ಲಿ ಇಳಿಯಬೇಕು, ಆಟೋಮ್ಯಾಟಿಕ್ ಕಾರಿನಲ್ಲೂ ಅದಕ್ಕೆ ಅನುವಿರುತ್ತದೆ. ಆಚೆ ಬದಿಯಲ್ಲಿ ಆಓಸ್ತಾ ಪಟ್ಟಣ, ಅಲ್ಲಿ ಇ-25 ಮತ್ತೆ ಸಿಗುತ್ತದೆ.

ಇಟಲಿಯಲ್ಲಿ ಒಂದೇ ಒಂದು ಎಚ್ಚರ. ಹಳೆಯ ಊರುಗಳ ನಡುಭಾಗಕ್ಕೆ ಹೊರಗಿನವರ ಕಾರು ಬರುವಂತಿಲ್ಲ. ಬಿಳಿ ತಟ್ಟೆಗೆ ಕೆಂಪು ವೃತ್ತ, ಕೆಳಗೆ ಇಟಾಲಿಯನ್ನಿನಲ್ಲಿ ವೇಳೆ, 'ಝಡ್ ಟಿ ಎಲ್' ಎಂಬ ಮೂರು ಅಕ್ಷರ. ತಡೆಗೋಲು ಇಲ್ಲ, ಪೊಲೀಸ್ ಇಲ್ಲ. ಕ್ಯಾಮೆರಾ ನಂಬರನ್ನು ಓದಿಕೊಳ್ಳುತ್ತದೆ. ನೀವು ಮನೆಗೆ ಬಂದು, ಫೋಟೋಗಳನ್ನೆಲ್ಲ ನೆಂಟರಿಗೆ ತೋರಿಸಿ ಮುಗಿಸಿದ ಮೇಲೆ ಬಾಡಿಗೆ ಸಂಸ್ಥೆ ಪೊಲೀಸರಿಗೆ ನಿಮ್ಮ ವಿಳಾಸ ಕೊಟ್ಟದ್ದಕ್ಕೆಂದು ನಿಮ್ಮ ಕಾರ್ಡಿನಿಂದ ಶುಲ್ಕ ಕಡಿದುಕೊಳ್ಳುತ್ತದೆ. ದಂಡದ ಕಾಗದ ಆಮೇಲೆ ಬೇರೆ ಬರುತ್ತದೆ. ಹೊರದೇಶದವರಿಗೆ ಅದನ್ನು ಕಳಿಸಲು ಕಾನೂನು 360 ದಿನ ಅವಕಾಶ ಕೊಟ್ಟಿದೆ. ಎರಡು ಸಲ ಒಳಗೆ ಹೋಗಿದ್ದರೆ ಎರಡು ದಂಡ. ಹೋಟೆಲು ಆ ವಲಯದೊಳಗೇ ಇದ್ದರೆ ಕಾರಿನ ನಂಬರನ್ನು ಅವರಿಂದ ನೋಂದಣಿ ಮಾಡಿಸಿ. ಇಲ್ಲವೇ ಊರ ಹೊರಗೆ ಕಾರು ನಿಲ್ಲಿಸಿ ನಡೆದುಕೊಂಡು ಹೋಗಿ.

ಊಟದ ಬಗ್ಗೆ ಕೇಳುಗರು ಕೇಳಿಯೇ ಕೇಳುತ್ತಾರೆ. ಅಡುಗೆಮನೆ ಇರುವ ಬಾಡಿಗೆ ಮನೆಗಳು ಎಲ್ಲೆಡೆ ಸಿಗುತ್ತವೆ. ಅನ್ನ ಬೇಯಿಸಿ ಪುಳಿಯೋಗರೆ ಗೊಜ್ಜು ಕಲಸಿಕೊಳ್ಳಬಹುದು. ಆದರೆ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಎಂದರೆ ತುಪ್ಪವೂ ಇಲ್ಲ, ಧಾರವಾಡ ಪೇಡವೂ ಇಲ್ಲ. ಹಸಿ ಕರಿಬೇವೂ ಪ್ರಮಾಣಪತ್ರವಿಲ್ಲದೆ ನಡೆಯುವುದಿಲ್ಲ. ಭಾನುವಾರ ಸ್ವಿಟ್ಜರ್ಲೆಂಡಿನಲ್ಲಿ ರೈಲು ನಿಲ್ದಾಣದ ಅಂಗಡಿ ಬಿಟ್ಟರೆ ಹೆಚ್ಚಿನವು ಮುಚ್ಚಿರುತ್ತವೆ. ಶನಿವಾರವೇ ಮೊಸರು, ತರಕಾರಿ ಕೊಂಡಿಡಿ.

ಮರಳುವ ದಾರಿ. ಜಿನೋವಾದಿಂದ ತೂರಿನ್, ಫ್ರೇಜು ಸುರಂಗ, ಲಿಯೋಂ, ದಿಜೋಂ, ರೀಮ್ಸ್ ಹಾದು ಉತ್ತರಕ್ಕೆ ಬನ್ನಿ. ಲಿಲ್ ನಗರದ ಪಶ್ಚಿಮಕ್ಕೆ ನೊವ್ ಶಾಪೆಲ್ ಎಂಬ ಹಳ್ಳಿ ಸಿಗುತ್ತದೆ. 1915ರ ಮಾರ್ಚಿನಲ್ಲಿ ಮೀರತ್ ಮತ್ತು ಲಾಹೋರ್ ಡಿವಿಷನ್‌ಗಳ ಸೈನಿಕರು ಅಲ್ಲಿ ಮೂರು ದಿನ ಕಾದಿದರು. ಸಮಾಧಿಯೂ ಸಿಗದೆ ಹೋದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ, ಕೂಲಿಗಳ ಹೆಸರುಗಳನ್ನು ಕೆತ್ತಿದ ಸ್ಮಾರಕ 1927ರಿಂದ ಅಲ್ಲಿದೆ. ಎತ್ತರದ ಕಂಬ, ನೆತ್ತಿಯಲ್ಲಿ ಕಮಲ, ಬುಡದಲ್ಲಿ ಕಲ್ಲಿನ ಹುಲಿಗಳು. ಅಲ್ಲಿಂದ ಒಂದು ಗಂಟೆಯೊಳಗೆ ಬೆಲ್ಜಿಯಂನ ಈಪ್ರ್. ಆ ಊರಿನ ಮೆನಿನ್ ಹೆಬ್ಬಾಗಿಲಲ್ಲಿ 1928ರಿಂದ, ಜರ್ಮನರ ಆಕ್ರಮಣದ ವರ್ಷಗಳನ್ನು ಬಿಟ್ಟು, ಪ್ರತಿ ಸಂಜೆ ಎಂಟಕ್ಕೆ ಕಹಳೆ ಊದುತ್ತಾರೆ. ಗೋಡೆಯ ಮೇಲಿನ ಐವತ್ತು ಸಾವಿರ ಮಿಕ್ಕಿದ ಹೆಸರುಗಳಲ್ಲಿ ನಮ್ಮ ದೇಶದವರವೂ ಇವೆ. ಯುರೋಪಿಗೆ ಹೋದ ಭಾರತೀಯರಲ್ಲಿ ಬಹುಪಾಲು ಮಂದಿ ಈ ಎರಡು ಜಾಗವನ್ನು ನೋಡುವುದಿಲ್ಲ, ಬಸ್ಸುಗಳು ಅತ್ತ ಹೋಗುವುದಿಲ್ಲ. ಕಾರು ನಿಮ್ಮ ಕೈಯಲ್ಲಿದೆ, ನೀವು ಹೋಗಿ.

ಕಡೆಯದಾಗಿ ದಿನಾಂಕಗಳು. ಶೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ತೀರ ಕೊನೆಗೆಂದರೂ 15 ದಿನ ಮೊದಲು ಹಾಕಿರಬೇಕು. ಬೇಸಿಗೆ ಹತ್ತಿರ ಬಂದಂತೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟವಾಗುತ್ತದೆ. ಜೂನಿನಲ್ಲಿ ಹೊರಡುವವರು ಸಂಕ್ರಾಂತಿ ಕಳೆದ ಕೂಡಲೇ ದಾರಿ ಗೊತ್ತುಮಾಡಿಕೊಂಡು ಫೆಬ್ರವರಿಯಲ್ಲಿ ಅರ್ಜಿ ಹಾಕಿ, ಆರ್‌ಟಿಓ ಕೆಲಸವನ್ನೂ ಅದೇ ವಾರ ಮುಗಿಸಿ. ಅಪಘಾತವೋ ಕಾಯಿಲೆಯೋ ಆದರೆ ಆರೂ ದೇಶಗಳಲ್ಲಿ ಒತ್ತಬೇಕಾದ ಸಂಖ್ಯೆ ಒಂದೇ, 112. ಅದನ್ನು ಕಾರಿನಲ್ಲಿ ಕೂರುವ ಎಲ್ಲರಿಗೂ, ಮಕ್ಕಳಿಗೂ, ಬಾಯಿಪಾಠ ಮಾಡಿಸಿ.